ಕುದುರೆಗೆ ಹೇಳಿದ ಮಾತು

ನಾನು ಹೋದದ್ದು ಮಿಚಿಯೆಯ ಹತ್ತಿರ ಮದುವೆಯ ಮಾತೆತ್ತಲು. ಮರಳಿ ಬಂದದ್ದು ನಲವತ್ತೆರಡು ಕಿಲೋಮೀಟರ್ ಓಟಕ್ಕೆ ಹೆಸರು ಬರೆಸಿ.

ಜನವರಿಯ ಎರಡನೇ ವಾರ. ಊರಿನ ಸಭಾಭವನದಲ್ಲಿ ಅವಳೊಬ್ಬಳೇ ಮೇಜು ಹಾಕಿಕೊಂಡು ಕೂತಿದ್ದಳು. ಮಿಚಿಯೆ ನಮ್ಮೂರಿನ ನರ್ಸ್. ಓಟಗಾರರ ನಾಡಿ ನೋಡುವ ಕೆಲಸದ ಜೊತೆಗೆ ಹೆಸರು ಬರೆದುಕೊಳ್ಳುವ ಕೆಲಸವನ್ನೂ ಅವಳಿಗೇ ಹಚ್ಚಿದ್ದರು. ಗಂಡನನ್ನು ಬಿಟ್ಟು ಅವಳು ಊರಿಗೆ ಮರಳಿದ ಮೇಲೆ ಇದು ಮೂರನೆಯ ಚಳಿಗಾಲ. ಅವಳೊಬ್ಬಳೇ ಇರುವ ಕೋಣೆಯ ಬಾಗಿಲು ನನಗೆ ಸಿಕ್ಕಿದ್ದು ಅದೇ ಮೊದಲು. ಒಳಗೆ ಹೋದೆ. ಟೋಪಿ ತೆಗೆದೆ. ಏನು ಮಾಡುವುದೆಂದು ತೋಚದೆ ಮತ್ತೆ ಹಾಕಿಕೊಂಡೆ.

"ಏನು ಬೇಕಿತ್ತು ಏರ್ಚಿಮ್?" ಅಂದಳು.

ಮೂರು ವರ್ಷ ಕುದುರೆಗಳ ಹಿಂದೆ ನಡೆಯುತ್ತಾ ಜೋಡಿಸಿಟ್ಟುಕೊಂಡಿದ್ದ ವಾಕ್ಯ ನಾಲಿಗೆಯ ತುದಿಯವರೆಗೂ ಬಂತು. ಬಂದು, ಸುತ್ತ ನೋಡಿ, ವಾಪಸು ಹೋಯಿತು.

"ಹೆಸರು ಬರೆಸ್ಬೇಕಿತ್ತು," ಅಂದೆ.

"ಯಾರದು?"

"ನಂದೇ."

ಅವಳು ಪೆನ್ನು ಕೆಳಗಿಟ್ಟಳು. "ನೀನು ಓಡ್ತೀಯಾ?"

"ಹೂಂ."

"ಎಷ್ಟು? ಐದಾ, ಹತ್ತಾ, ನಲವತ್ತೆರಡಾ?"

ಐದು ಎಂದಿದ್ದರೆ ಬೇಗ ಮುಗಿಯುತ್ತಿತ್ತು. ಆದರೆ ಅವಳು ನನ್ನನ್ನೇ ನೋಡುತ್ತಿದ್ದಳು. "ನಲವತ್ತೆರಡು," ಅಂದೆ.

ಅವಳು ನನ್ನ ಮಣಿಕಟ್ಟು ಹಿಡಿದು ಗಡಿಯಾರ ನೋಡಿದಳು. "ನೂರಾ ಮೂವತ್ತು! ಇನ್ನೂ ಓಡೋಕೆ ಶುರುವೇ ಮಾಡಿಲ್ವಲ್ಲೋ!"

ಮನೆಗೆ ಹೋಗಿ ಹದಿನೇಳು ಎಂಬ ಅಂಕಿ ಇದ್ದ ಬಟ್ಟೆಯ ತುಂಡನ್ನು ಅಮ್ಮನ ಮುಂದಿಟ್ಟೆ. ಅಮ್ಮ ಅದನ್ನು ಹಿಂದೆ ಮುಂದೆ ತಿರುವಿ ನೋಡಿದಳು.

"ಹೆಣ್ಣು ಕೇಳ್ಕೊಂಡು ಬರ್ತೀನಿ ಅಂತ ಹೋದವನು ಚಿಂದಿ ತಗೊಂಡು ಬಂದಿದಾನೆ," ಎಂದು ಒಲೆಗೆ ಹೇಳಿದಳು. ನನ್ನ ಮೇಲೆ ಸಿಟ್ಟು ಬಂದಾಗ ಅವಳು ಮಾತಾಡುವುದು ಒಲೆಯ ಹತ್ತಿರವೇ. "ನಲವತ್ತೊಂದು ವರ್ಷದ ಕೋಣ! ಚಳೀಲಿ ಓಡ್ತಾನಂತೆ. ಚಳೀಲಿ ಓಡಿದವನು ಬೆವರ್ತಾನೆ, ಬೆವರಿದವನು ಮನೆಗೆ ಬರಲ್ಲ. ನಮ್ಮಜ್ಜ ಹೇಳಿದ್ದು, ಅವರಜ್ಜ ಹೇಳಿದ್ದು. ಅಟ್ಟಿಸ್ಕೊಂಡು ಹೋದ್ರೆ ಮೊಲ ಓಡುತ್ತೆ. ನಿನ್ನ ಯಾರಪ್ಪಾ ಅಟ್ಟಿದ್ದು?"

ಯಾರೂ ಅಟ್ಟಿರಲಿಲ್ಲ. ಹೆದರಿಕೆಯಾದರೆ ಕಾಲಿಗೆ ಬುದ್ಧಿ ಹೇಳುವವರು ಎಲ್ಲ ಕಡೆ ಇದ್ದಾರೆ. ನಾನು ಸ್ವಲ್ಪ ಹೆಚ್ಚು ಹೇಳಿಬಿಟ್ಟಿದ್ದೆ, ಅಷ್ಟೆ.

ನನ್ನದು ಹುಟ್ಟಿನಿಂದಲೂ ಮಾತು ಕಡಿಮೆ. ದೂರದ ಯಾಕುತ್ಸ್ಕ್ ನಗರದಲ್ಲಿ ಐದು ವರ್ಷ ಪಶುಪಾಲನೆ ಓದಿದೆ. ಪರೀಕ್ಷೆಯ ಉತ್ತರಗಳನ್ನು ಬಿಟ್ಟರೆ ಅಲ್ಲಿ ನಾನು ಯಾರಿಗೂ ದೊಡ್ಡದಾಗಿ ಏನೂ ಹೇಳಿದ ನೆನಪಿಲ್ಲ. ಓದು ಮುಗಿಸಿ ಬಂದು ಊರಿನ ಕುದುರೆ ಮಂದೆ ಕಾಯಲು ನಿಂತೆ. ಕುದುರೆಗಳು ಪ್ರಶ್ನೆ ಕೇಳುವುದಿಲ್ಲ. ಚಳಿಗಾಲವಂತೂ ನನ್ನಂಥವರಿಗಾಗಿಯೇ ಇದೆ. ಐವತ್ತು ದಾಟಿತೆಂದರೆ ಹೊರಗೆ ಬಾಯಿ ತೆರೆದವನ ಹಲ್ಲು ನೋಯುತ್ತದೆ. ಸೊನ್ನೆಯ ಕೆಳಗೆ ಎಂದು ನಮ್ಮಲ್ಲಿ ಯಾರೂ ಬಿಡಿಸಿ ಹೇಳುವುದಿಲ್ಲ. ಜನವರಿಯಲ್ಲಿ ಐವತ್ತು ಮತ್ತೆಲ್ಲಿರಲು ಸಾಧ್ಯ? ಆಗ ಗಾಳಿ ಅಲುಗಾಡದೆ ನಿಂತುಬಿಡುತ್ತದೆ. ಬಿಟ್ಟ ಉಸಿರು ಕಿವಿಯ ಪಕ್ಕದಲ್ಲೇ ಹೆಪ್ಪುಗಟ್ಟಿ, ಕಾಳು ಸುರಿದ ಹಾಗೆ ಸಣ್ಣಗೆ ಸರಸರ ಎನ್ನುತ್ತದೆ. ನದಿಯಾಚೆ ಯಾರಾದರೂ ಕೊಡಲಿ ಹಾಕಿದರೆ ನಮ್ಮ ಅಂಗಳದಲ್ಲೇ ಹಾಕಿದಂತೆ ಕೇಳುತ್ತದೆ. ಹಾಗಾಗಿ ನಮ್ಮೂರಿನಲ್ಲಿ ಗಂಡ ಹೆಂಡಿರು ಜಗಳವಾಡುವುದಿದ್ದರೆ ಬಾಗಿಲು ಹಾಕಿಕೊಂಡೇ ಆಡುತ್ತಾರೆ.

ಇನ್ನೊಂದು ವಿಷಯವಿದೆ. ನಿಂತ ಗಾಳಿಯಲ್ಲಿ ಉಸಿರು ಬೇಗ ಚದುರುವುದಿಲ್ಲ. ಕುದುರೆ ನಡೆದು ಹೋದ ದಾರಿಯ ಮೇಲೆ ಅದರ ಉಸಿರು ಬಿಳಿ ಪಟ್ಟಿಯಂತೆ ಬಹಳ ಹೊತ್ತು ತೂಗಾಡುತ್ತಿರುತ್ತದೆ. ಇಪ್ಪತ್ತು ವರ್ಷದಿಂದ ಬೆಳಗ್ಗೆ ಎದ್ದು ನಾನು ಮೊದಲು ಮಾಡುವ ಕೆಲಸ ಆ ಪಟ್ಟಿಯನ್ನು ಹುಡುಕುವುದು. ಸಿಕ್ಕಿದರೆ ಹಿಂದೆ ಹೋಗುವುದು. ಅದರ ಕೊನೆಯಲ್ಲಿ ನನ್ನ ಮಂದೆ ಹಿಮವನ್ನು ಗೊರಸಿನಿಂದ ಕೆದರಿ ಹುಲ್ಲು ತಿನ್ನುತ್ತಾ ನಿಂತಿರುತ್ತದೆ.

ಹೆಸರು ಬರೆಸಿದ ಮೂರನೆಯ ದಿನ ಸುದ್ದಿ ಬಂತು. ಮಿಚಿಯೆಗೆ ಜಿಲ್ಲಾ ಆಸ್ಪತ್ರೆಯಲ್ಲಿ ಕೆಲಸ ಸಿಕ್ಕಿದೆ, ಓಟದ ದಿನವೇ ಹೊರಡುತ್ತಾಳೆ. ಓಟ ಮುಗಿದ ಕೂಡಲೇ ಅವಳ ಅಣ್ಣ ಪ್ರೊಕೋಪಿ ತನ್ನ ವ್ಯಾನಿನಲ್ಲಿ ಕರೆದೊಯ್ಯುತ್ತಾನಂತೆ.

"ಅಲ್ಲಿ ಮನೆ ಕೊಡ್ತಾರೆ, ಬಿಸಿನೀರಿನ ನಲ್ಲಿ ಇದೆ," ಎಂದಳು ಅಮ್ಮ, ಈ ಸಲ ಒಲೆಗಲ್ಲ, ನನಗೇ. "ಇಲ್ಲೇನಿದೆ? ಮೂರು ವರ್ಷದಿಂದ ಬೇಲಿ ಪಕ್ಕ ನಿಂತು ಕೆಮ್ಮೋ ಗಂಡಸು ಒಬ್ಬ ಇದಾನೆ."

ಆ ರಾತ್ರಿ ನಿರ್ಧರಿಸಿದೆ. ಓಟ ಮುಗಿಯುವ ಗೆರೆಯಲ್ಲಿ ಅವಳು ನಿಂತಿರುತ್ತಾಳೆ. ಗೆರೆ ದಾಟಿದ ಕ್ಷಣವೇ, ಹೆದರಿಕೆಗೆ ಎಚ್ಚರವಾಗುವ ಮೊದಲೇ, ಹೇಳಿಬಿಡುವುದು. ದಾಟದಿದ್ದರೆ ಹೇಳುವುದಿಲ್ಲ. ಅರ್ಧಕ್ಕೆ ಬಿಟ್ಟವನು ಯಾವ ಮುಖ ಹೊತ್ತು ಕೇಳಬೇಕು?

*

ಓಟದ ದಿನ ಐವತ್ತೆರಡು.

ಅಮ್ಮ ಮೊದಲ ದೋಸೆಯನ್ನು ಮುರಿದು, ಬೆಣ್ಣೆ ಸವರಿ ಒಲೆಗೆ ಹಾಕಿದಳು. "ಬೆಂಕಿಯಜ್ಜಾ, ತಿನ್ನು. ಇವನ ಮೂಗು ಕಾಯಿ. ನಾಲಿಗೆ ಬಿಚ್ಚಿಸು." ಬೆಂಕಿ ಚಟಪಟ ಎಂದಿತು. ಒಪ್ಪಿಕೊಂಡಿದ್ದಾನೆ ಎಂದು ಅಮ್ಮ ತೀರ್ಮಾನಿಸಿದಳು. ನನ್ನ ಕೆನ್ನೆಗೆ ಕುದುರೆ ಕೊಬ್ಬು ಬಳಿದಳು. ತಾನೇ ಹೊಲಿದ ಮೆತ್ತನೆಯ ಚರ್ಮದ ಬೂಟಿನೊಳಗೆ ಒಣಹುಲ್ಲು ತುಂಬಿದಳು. ಮೊಲದ ತುಪ್ಪಳದ ಮುಖಗವಸನ್ನು ಮೀಸೆಯ ಮೇಲೆ ಎಳೆದು ಕಟ್ಟಿದಳು. ಕೊನೆಗೆ ಮೂರು ದೋಸೆ ಸುತ್ತಿ ಕೋಟಿನ ಜೇಬಿಗೆ ತುರುಕಿದಳು.

ಪಕ್ಕದ ಊರಿನಿಂದ ಓಟ ಶುರು, ನಮ್ಮೂರ ಸಭಾಭವನದ ಮುಂದೆ ಕೊನೆ. ಹತ್ತು ಗಂಟೆಗೆ ಬಿಡುತ್ತಾರೆ. ಮೂರೂವರೆಗೆ ಸೂರ್ಯ ಗುಡ್ಡದ ಹಿಂದೆ ಇಳಿಯುವುದರೊಳಗೆ ಮುಟ್ಟಬೇಕು. ಒಂಬತ್ತು ಜನರಿದ್ದೆವು. ಮಾಸ್ಕೋದಿಂದ ಬಂದಿದ್ದ ವದೀಮ್ ಎಂಬ ಉದ್ದನೆಯ ಮನುಷ್ಯ ನೀಲಿ ಉಡುಪಿನಲ್ಲಿ ಕುಣಿಯುತ್ತಾ ಮೈ ಬಿಸಿ ಮಾಡಿಕೊಳ್ಳುತ್ತಿದ್ದ. ನಾನು ಕುಣಿಯಲಿಲ್ಲ. ಪಿಸ್ತೂಲು ಹಾರಿತು. ಎಂಟು ಜನ ಮಂಜಿನಲ್ಲಿ ಮಾಯವಾದರು. ನಾನು ಮಂದೆಯ ಹಿಂದೆ ಹೋಗುವ ಗತಿಯಲ್ಲಿ, ಅದಕ್ಕಿಂತ ಒಂದಿಷ್ಟೇ ಜೋರಾಗಿ, ಹೊರಟೆ.

ನರ್ಸಿನ ವ್ಯಾನು ಎಲ್ಲರಿಗಿಂತ ಹಿಂದಿರುವವನ ಹಿಂದೆ ಬರಬೇಕೆಂಬುದು ನಿಯಮ. ಹಾಗಾಗಿ ಪ್ರೊಕೋಪಿಯಣ್ಣ, ಮಿಚಿಯೆ, ಹಿಂದಿನ ಸೀಟಿಗೆ ಹಗ್ಗದಿಂದ ಕಟ್ಟಿದ ಅವಳ ಹಸಿರು ಪೆಟ್ಟಿಗೆ, ಎಲ್ಲವೂ ಮೊದಲ ಕಿಲೋಮೀಟರಿನಿಂದಲೇ ನನ್ನ ಬೆನ್ನ ಹಿಂದೆ ಗುರುಗುಟ್ಟುತ್ತಾ ಬಂದವು.

ಕಿಟಕಿ ಒಂದು ಬೆರಳಗಲ ತೆರೆಯಿತು. "ಏರ್ಚಿಮ್! ಬಾಯಿ ಬಿಡ್ಬೇಡ, ಮೂಗಲ್ಲೇ ಉಸಿರಾಡು," ಅಂದಳು ಮಿಚಿಯೆ. "ನಾನು ಕೇಳಿದ್ದಕ್ಕೆ ಕೈ ಎತ್ತು ಸಾಕು. ಒಂದು ಕೈ ಅಂದ್ರೆ ಹೌದು, ಎರಡು ಕೈ ಅಂದ್ರೆ ಇಲ್ಲ. ಏನೇ ಆದ್ರೂ ಮಾತಾಡ್ಬೇಡ."

"ಮಾತಾಡ್ಬೇಡ ಅಂತ ಇವನಿಗೆ ಹೇಳ್ತಿದಾಳೆ ನೋಡಪ್ಪಾ!" ಪ್ರೊಕೋಪಿಯಣ್ಣ ಸ್ಟಿಯರಿಂಗ್ ಬಡಿದು ನಕ್ಕ. "ಮೀನಿಗೆ ಈಜು ಅಂದ ಹಾಗೆ!"

ಹೀಗೆ ಶುರುವಾಯಿತು. ಯಾರ ಮುಂದೆ ಒಂದು ಮಾತು ಹೇಳಲು ಮೂರು ವರ್ಷ ಒದ್ದಾಡಿದೆನೋ ಅವಳು ಹತ್ತು ಹೆಜ್ಜೆ ಹಿಂದೆ ಇದ್ದಾಳೆ, ಮಾತಾಡಬಾರದೆಂದು ಅವಳೇ ಆಜ್ಞೆ ಮಾಡಿದ್ದಾಳೆ! ಇದಕ್ಕಿಂತ ನೆಮ್ಮದಿಯ ಸ್ಥಿತಿ ನನಗೆ ಬೇರೆ ಇರಲಿಲ್ಲ. ಒಳಗೊಳಗೇ ಹಗುರವಾದೆ.

"ಕಾಲ್ಬೆರಳು ಗೊತ್ತಾಗ್ತಿದ್ಯಾ?" ಒಂದು ಕೈ.

"ತಲೆ ಸುತ್ತು?" ಎರಡು ಕೈ.

"ನಮ್ಮ ಹಸು ಈಗಷ್ಟೇ ನಿನ್ನ ದಾಟ್ಕೊಂಡು ಹೋಯ್ತು, ನೋಡಿದ್ಯಾ?" ಇದು ಪ್ರೊಕೋಪಿಯಣ್ಣ. "ಕೆಚ್ಚಲಿಗೆ ತುಪ್ಪಳದ ಚೀಲ ಕಟ್ಕೊಂಡೇ ಓಡ್ತಿತ್ತು ಮಾರಾಯಾ. ಆ ಚೀಲ ನಿಂಗೆ ಟೋಪಿ ಮಾಡ್ಸಿ ಕೊಡ್ಲಾ?" ಎರಡು ಕೈ.

"ಮಿಚಿಯೆ ಹೋಗ್ತಿದಾಳಲ್ಲ, ಬೇಜಾರಿದ್ಯಾ?"

ಒಂದು ಕೈ ಅರ್ಧಕ್ಕೆ ಎತ್ತಿದೆ. ನಿಲ್ಲಿಸಿದೆ. ಟೋಪಿ ಸರಿ ಮಾಡಿಕೊಂಡಂತೆ ನಟಿಸಿದೆ.

"ಅಣ್ಣಾ, ಸುಮ್ನೆ ಗಾಡಿ ಹೊಡಿ," ಎಂದಳು ಮಿಚಿಯೆ. ಕಿಟಕಿ ಮುಚ್ಚಿತು.

ಹತ್ತೂವರೆಯ ಹೊತ್ತಿಗೆ ಸೂರ್ಯ ಬಂದ, ಕಾಯಿಸದ ತಾಮ್ರದ ತಟ್ಟೆಯ ಹಾಗೆ. ಗಾಳಿಯಲ್ಲಿ ತೇಲುತ್ತಿದ್ದ ಮಂಜಿನ ಪುಡಿಯೆಲ್ಲ ಒಮ್ಮೆಲೇ ಹೊಳೆಯಿತು. ಹತ್ತು ಕಿಲೋಮೀಟರಿಗೆ ರೆಪ್ಪೆ ಅಂಟಿಕೊಳ್ಳಲು ಶುರುವಾಯಿತು. ಕೈಗವಸು ತೆಗೆದು ಬೆರಳಿನಿಂದ ಕರಗಿಸಿಕೊಂಡೆ. ಇಪ್ಪತ್ತಕ್ಕೆ ಅವಳು ಇಳಿದು ಬಂದು ನನ್ನ ಪಕ್ಕದಲ್ಲಿ ಓಡುತ್ತಾ ಗವಸು ಸರಿಸಿ ಕೆನ್ನೆ ನೋಡಿದಳು. ಚಳಿ ಕಚ್ಚಿ ಬೆಳ್ಳಗಾದ ಚುಕ್ಕೆ ಕಂಡರೆ ವ್ಯಾನಿಗೆ ಹತ್ತಿಸಿ ಓಟ ಮುಗಿಸಿಬಿಡುವ ಅಧಿಕಾರ ಅವಳದು. ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ನೋಡಿದಳು. ಅವಳ ರೆಪ್ಪೆಯ ಮೇಲೂ ಮಂಜಿತ್ತು.

"ಕೆಂಪಗಿದೆ," ಅಂದಳು. "ತುಂಬಾನೇ ಕೆಂಪಗಿದೆ," ಎಂದು ಮತ್ತೊಮ್ಮೆ ಅಂದು ಓಡಿಹೋಗಿ ವ್ಯಾನು ಹತ್ತಿದಳು.

ಅಲ್ಲಿಂದ ಮುಂದೆ ನನಗೇನೋ ಆಯಿತು. ಕಾಲು ನನ್ನದಲ್ಲ ಎನಿಸತೊಡಗಿತು. ಯಾರೋ ಒಳ್ಳೆಯವರು ತಮ್ಮ ಕಾಲನ್ನು ಒಂದು ದಿನದ ಮಟ್ಟಿಗೆ ಕೊಟ್ಟಿದ್ದಾರೆ, ಹಾಳು ಮಾಡದೆ ಹಿಂದಿರುಗಿಸಬೇಕು, ಅಷ್ಟೆ. ಎಡಗಾಲು ಮಿ, ಬಲಗಾಲು ಚಿ, ಮತ್ತೆ ಎಡಗಾಲು ಯೆ. ಮೂರು ಹೆಜ್ಜೆಗೊಮ್ಮೆ ಅವಳ ಹೆಸರು ಮುಗಿದು ಮತ್ತೆ ಶುರುವಾಗುತ್ತಿತ್ತು. ನಲವತ್ತೊಂದು ವರ್ಷದ ಗಂಡಸು ಹೀಗೆ ಓಡುತ್ತಿರುವುದನ್ನು ಕಂಡ ಕಾಗೆಯೊಂದು ಮರದ ಮೇಲೆ ತಲೆ ಓರೆ ಮಾಡಿ ಕೂತಿತ್ತು. ಅದಕ್ಕೆ ಒಂದು ಕೈ ಎತ್ತಿದೆ.

ಇಪ್ಪತ್ತೆಂಟನೆಯ ಕಿಲೋಮೀಟರಿನ ಹತ್ತಿರ ವ್ಯಾನಿನ ರೇಡಿಯೋ ಕಿರುಚಿತು. ಪ್ರೊಕೋಪಿಯಣ್ಣ ನನ್ನ ಪಕ್ಕಕ್ಕೆ ಬಂದ.

"ಆ ಮಾಸ್ಕೋದವನ ಕೆನ್ನೆ ಬೆಳ್ಳಗಾಗಿದೆಯಂತೆ, ದಾರೀಲಿ ಕೂತ್ಬಿಟ್ಟಿದಾನಂತೆ," ಮಿಚಿಯೆ ಕಿಟಕಿಯಿಂದ ಕೂಗಿದಳು. "ಹೋಗಿ ಹತ್ತಿಸ್ಕೊಂಡು ಬರ್ತೀವಿ, ಹತ್ತೇ ನಿಮಿಷ. ನೀನು ನಿಲ್ಬೇಡ! ನೇರ ರಸ್ತೆ ಹಿಡ್ಕೊಂಡು ಬಾ. ಗೊತ್ತಾಯ್ತಾ?"

ಒಂದು ಕೈ.

ವ್ಯಾನು ಹೋಯಿತು. ಶಬ್ದ ದೂರವಾಗುತ್ತಾ ಹೋಗಿ, ನನ್ನ ಉಸಿರಿನ ಸರಸರವೊಂದೇ ಉಳಿಯಿತು. ಎಷ್ಟು ಚೆನ್ನಾಗಿತ್ತು! ಎರಡು ಕಿಲೋಮೀಟರ್ ಹಾಗೆಯೇ ಓಡಿದೆ. ತಿರುವಿನಲ್ಲಿ ಬಿಸಿನೀರಿನ ಬುಗ್ಗೆಯ ಮಂಜು ರಸ್ತೆಗೆ ಅಡ್ಡ ಬಿದ್ದಿತ್ತು. ಅದರಾಚೆ ಬಂದಾಗ ಕಂಡಿತು: ಎದೆಯೆತ್ತರದಲ್ಲಿ ತೂಗುತ್ತಿದ್ದ ಉಸಿರಿನ ಬಿಳಿ ಪಟ್ಟಿ. ಮುಂದಿನ ಓಟಗಾರರು! ಅಗಲವಾಗಿತ್ತು, ಮೂರು ನಾಲ್ಕು ಜನ ಜೊತೆಯಾಗಿ ಓಡುತ್ತಿರಬೇಕು. ಹಾಗಾದರೆ ನಾನು ಕೊನೆಯವನಾಗಿ ಉಳಿಯಬೇಕಾಗಿಲ್ಲ! ಪಟ್ಟಿ ಎಡಕ್ಕೆ ಹೊರಳಿತು. ನಾನೂ ಹೊರಳಿದೆ. ಕಾಲ ಕೆಳಗೆ ರಸ್ತೆ ಹೋಗಿ ಹಿಮ ಬಂತು. ಹಿಮದಲ್ಲಿ ತುಳಿದ ದಾರಿಯಿತ್ತು. ಮನಸ್ಸು ಮಿ-ಚಿ-ಯೆ ಎಣಿಸುತ್ತಿತ್ತು, ಕಾಲುಗಳು ಇಪ್ಪತ್ತು ವರ್ಷದಿಂದ ದಿನ ಬೆಳಗಾದರೆ ಮಾಡುವ ಕೆಲಸವನ್ನು ಮಾಡುತ್ತಿದ್ದವು. ಪಟ್ಟಿ ಕೊನೆಯಾಗುವ ಕಡೆ ದೊಡ್ಡ ಬಿಳಿ ಮೋಡವಿತ್ತು. ಮೋಡದೊಳಗಿಂದ ಒಂದು ಉದ್ದನೆಯ ಮುಖ ಹೊರಬಂದು ನನ್ನನ್ನು ನೋಡಿತು.

ಬೂದಿ. ನನ್ನ ಮಂದೆಯ ಹಿರಿಯ ಹೆಣ್ಣುಕುದುರೆ.

ಹಿಂದೆ ಉಳಿದ ಮೂವತ್ತೂ ಒಂದೊಂದಾಗಿ ತಲೆ ಎತ್ತಿದವು. ಹದಿನೇಳು ಎಂಬ ಅಂಕಿ ಎದೆಗೆ ಕಟ್ಟಿಕೊಂಡು, ಏದುಸಿರು ಬಿಡುತ್ತಾ, ಮ್ಯಾರಥಾನಿನ ಮೂವತ್ತನೆಯ ಕಿಲೋಮೀಟರಿನಲ್ಲಿ ನಾನು ಕೆಲಸಕ್ಕೆ ಹಾಜರಾಗಿದ್ದೆ!

ರಸ್ತೆಯಿಂದ ಒಂದೂವರೆ ಕಿಲೋಮೀಟರಾದರೂ ಒಳಗೆ ಬಂದಿದ್ದೆ. ಅಷ್ಟೇ ದೂರ ಹಿಂದೆ ಹೋಗಿ, ಬಿಟ್ಟ ಜಾಗದಿಂದಲೇ ಮತ್ತೆ ಶುರುಮಾಡಬೇಕು. ಸೂರ್ಯನನ್ನು ನೋಡಿದೆ. ಗಡಿಯಾರ ನೋಡಲು ಧೈರ್ಯ ಬರಲಿಲ್ಲ. ಇನ್ನು ಸಾಧ್ಯವಿಲ್ಲ, ಹೋಗಲಿ, ಬಿಸಿನೀರಿನ ನಲ್ಲಿ ಇರುವ ಮನೆಗೆ ಅವಳು ಹೋಗಲಿ ಎಂದುಕೊಂಡು ಬೂದಿಯ ಕತ್ತಿಗೆ ಹಣೆ ಒತ್ತಿ ನಿಂತೆ.

ಆಗ ಕೇಳಿಸಿತು.

"ಇಲ್ಲೇ ಇರ್ಬೇಕಿತ್ತು ಅಣ್ಣಾ! ಇಷ್ಟೊತ್ತಿಗೆ ಇಲ್ಲಿಗೆ ಬರ್ಬೇಕಿತ್ತು!" ಮಿಚಿಯೆಯ ದನಿ. ನನ್ನ ಹೆಗಲ ಹಿಂದೆಯೇ ನಿಂತು ಹೇಳಿದಷ್ಟು ಸ್ಪಷ್ಟವಾಗಿತ್ತು. ತಿರುಗಿದೆ. ಯಾರೂ ಇರಲಿಲ್ಲ. ದೂರದ ರಸ್ತೆಯ ಮೇಲೆ ಎರಡು ಚುಕ್ಕೆಗಳು.

"ಯಾವ್ದೋ ಮೊಲ ಎತ್ಕೊಂಡು ಹೋಗಿರುತ್ತೆ ಬಿಡು," ಎಂದಿತು ಪ್ರೊಕೋಪಿಯಣ್ಣನ ದನಿ.

"ನಗ್ಬೇಡ! ಕೇಳ್ತಿದ್ಯಾ, ನಗ್ಬೇಡ! ಅವನ ಒಂದು ಮಾತಿಗೆ ಮೂರು ಚಳಿಗಾಲ ಕಾದಿದೀನಿ. ಬೇಲಿ ಹತ್ರ ಬಂದು ಕೆಮ್ಮಿ ಕೆಮ್ಮಿ ಹೋಗ್ತಾನೆ. ಇವತ್ತು ಆ ಮಾತನ್ನ ಹೊಟ್ಟೇಲಿ ಇಟ್ಕೊಂಡೇ ಎಲ್ಲಾದ್ರೂ ಬಿದ್ದು ಸತ್ನೋ, ಅವನ್ನ ನಾನೇ ಕೊಂದುಬಿಡ್ತೀನಿ!"

"ಸತ್ತವನ್ನ ಹೆಂಗೇ ಕೊಲ್ತೀಯಾ?"

"ಏರ್ಚಿಮ್! ಏರ್ಚೀಈಮ್!"

ನನ್ನ ಹೆಸರು ಹಿಮದ ಮೇಲೆ ಉರುಳಿಕೊಂಡು ಬಂದು ನನ್ನ ಕಾಲ ಬಳಿ ನಿಂತಿತು. ಕುದುರೆಗಳು ಕಿವಿ ನಿಮಿರಿಸಿದವು. ಕಾದಿದ್ದಾಳೆ. ಮೂರು ಚಳಿಗಾಲ. ಕೆಮ್ಮನ್ನೆಲ್ಲ ಲೆಕ್ಕ ಇಟ್ಟಿದ್ದಾಳೆ!

ಮುಖಗವಸನ್ನು ಗದ್ದಕ್ಕೆ ಎಳೆದೆ. ಗೆರೆಯವರೆಗೆ ಕಾಯುವುದು ಸರಿ. ಆದರೆ ಬಾಯಿಗೆ ಅಭ್ಯಾಸವೇ ಇಲ್ಲ. ಒಂದು ಸಲ ಹೇಳಿ ನೋಡೋಣ ಎನಿಸಿತು. ಬೂದಿಯ ಮುಖವನ್ನು ಎರಡೂ ಕೈಯಲ್ಲಿ ಹಿಡಿದೆ.

"ಮಿಚಿಯೆ," ಅಂದೆ. ದನಿ ಒಡೆಯಿತು. ಮತ್ತೆ ಗಟ್ಟಿಯಾಗಿ ಹೇಳಿದೆ. "ಮಿಚಿಯೆ! ಹೋಗ್ಬೇಡ. ನಮ್ಮನೆಗೆ ಬಂದ್ಬಿಡು. ನಾನು ಜಾಸ್ತಿ ಮಾತಾಡಲ್ಲ, ನಿಂಗೇ ಗೊತ್ತು. ಆದ್ರೆ ನೀನು ಆಡಿದ್ದೆಲ್ಲಾ ಕೇಳ್ತೀನಿ. ನೀರಿಗೆ ನದಿಯಿಂದ ಮಂಜುಗಡ್ಡೆ ಕಡಿದು ತರ್ತೀನಿ, ರಾತ್ರಿ ಒಲೆ ಆರದ ಹಾಗೆ ನೋಡ್ಕೋತೀನಿ. ನಲ್ಲಿ ಇಲ್ಲ. ಬೇಕಾದ್ರೆ ನಲ್ಲಿನೂ ಹಾಕಿಸ್ತೀನಿ!"

ಬೂದಿ ದೀರ್ಘವಾಗಿ ಉಸಿರು ಬಿಟ್ಟು ನನ್ನ ಜೇಬಿಗೆ ಮೂತಿ ಹಾಕಿ ಒಂದು ದೋಸೆ ಎಳೆದುಕೊಂಡಿತು. ಅಗಿಯುತ್ತಾ ತಲೆ ಆಡಿಸಿತು.

ನನಗೆ ನಗು ಬಂತು. ಮೊದಲು ಸಣ್ಣಗೆ, ಆಮೇಲೆ ತಡೆಯಲಾಗಲಿಲ್ಲ. ಗವಸನ್ನು ಮೇಲಕ್ಕೆಳೆದು ತಿರುಗಿ ಓಡಲು ಶುರುಮಾಡಿದೆ. ಗವಸಿನೊಳಗೆ ನಗುತ್ತಲೇ ಇದ್ದೆ. ನಗುವಿನ ಹಬೆಗೆ ತುಪ್ಪಳ ಒದ್ದೆಯಾಯಿತು. ಚಳಿಯಲ್ಲಿ ಒದ್ದೆಯಾದದ್ದು ಏನಾಗುತ್ತದೆಂದು ನಮ್ಮೂರಿನ ಎರಡು ವರ್ಷದ ಮಗುವಿಗೂ ಗೊತ್ತು. ಆ ಹೊತ್ತಿನಲ್ಲಿ ನನಗೊಬ್ಬನಿಗೆ ಗೊತ್ತಿರಲಿಲ್ಲ.

ಹಿಂದಿನಿಂದ ಗೊರಸಿನ ಸಪ್ಪಳ. ಜೇಬಿನಲ್ಲಿ ಇನ್ನೂ ಎರಡು ದೋಸೆ ಇರುವುದನ್ನು ಬೂದಿ ಕಂಡುಕೊಂಡಿತ್ತು. ಬೂದಿ ಹೊರಟರೆ ಮಂದೆ ನಿಲ್ಲುವುದಿಲ್ಲ.

ರಸ್ತೆ ಬಿಟ್ಟ ಜಾಗಕ್ಕೆ ಮರಳಿದಾಗ ವ್ಯಾನು ಅಲ್ಲೇ ನಿಂತಿತ್ತು. ಕಿಟಕಿ ಮುಚ್ಚಿತ್ತು. ಬೈಗುಳಕ್ಕೆ ಸಿದ್ಧನಾಗಿದ್ದೆ, ಬರಲಿಲ್ಲ. ಮಿಚಿಯೆ ಮುಖವನ್ನು ಆ ಕಡೆ ತಿರುಗಿಸಿಕೊಂಡು ಕೂತಿದ್ದಳು. ಓಡು ಎಂದು ಕೈಯಾಡಿಸಿದಳು, ಅಷ್ಟೇ. ಹಿಂದಿನ ಸೀಟಿನಲ್ಲಿ ಪೆಟ್ಟಿಗೆಯ ಪಕ್ಕ ವದೀಮ್ ಕಂಬಳಿ ಹೊದ್ದು ಕೂತು ಬಿಟ್ಟ ಕಣ್ಣು ಬಿಟ್ಟಂತೆ ನನ್ನನ್ನೂ ಮೂವತ್ತೊಂದು ಕುದುರೆಗಳನ್ನೂ ನೋಡುತ್ತಿದ್ದ. ಪ್ರೊಕೋಪಿಯಣ್ಣ ಕೂಡ ಒಂದು ಮಾತೂ ಆಡಲಿಲ್ಲ! ನಾನು ಹುಟ್ಟಿದಾಗಿನಿಂದ ಅವನನ್ನು ಕಂಡವನು, ಅವನು ಬಾಯಿ ಮುಚ್ಚಿಕೊಂಡಿದ್ದನ್ನು ಅಲ್ಲಿಯವರೆಗೆ ಕಂಡಿರಲಿಲ್ಲ. ಸಿಟ್ಟಾಗಿದ್ದಾರೆ, ತೀರಿತು ಎಂದುಕೊಂಡೆ.

ಆದರೆ ಕಾಲು ಸಿಟ್ಟನ್ನೂ ಕೇಳಲಿಲ್ಲ, ಏನನ್ನೂ ಕೇಳಲಿಲ್ಲ. ಎಡಕ್ಕೆ ಬೂದಿ, ಬಲಕ್ಕೆ ಒಂದು ಮರಿ, ಹಿಂದೆ ಇಡೀ ಮಂದೆ, ಅದರ ಹಿಂದೆ ವ್ಯಾನು. ನಮ್ಮೆಲ್ಲರ ಉಸಿರು ಸೇರಿ ರಸ್ತೆಯಗಲದ ಮೋಡವಾಗಿ ನಮ್ಮೊಂದಿಗೇ ಓಡುತ್ತಿತ್ತು. ಮೂವತ್ತೇಳನೆಯ ಕಿಲೋಮೀಟರಿನಲ್ಲಿ ಪ್ರೊಕೋಪಿಯಣ್ಣನಿಗೆ ಹೊತ್ತೆಷ್ಟಾಯಿತೆಂದು ಕೇಳಲು ಬಾಯಿ ತೆರೆಯಹೋದೆ. ತೆರೆಯಲಿಲ್ಲ. ಮೀಸೆ, ಗಡ್ಡ, ತುಪ್ಪಳ ಎಲ್ಲವೂ ಸೇರಿ ಒಂದೇ ಗಟ್ಟಿಯಾಗಿತ್ತು. ಎಳೆದೆ, ತುಟಿಯೂ ಜೊತೆಗೆ ಬಂತು. ಹೇಳಲು ಇನ್ನು ಐದು ಕಿಲೋಮೀಟರ್ ಇದೆ, ಬಾಯಿಗೆ ಬೀಗ ಬಿದ್ದಿದೆ.

ಇದನ್ನು ನೆನೆದು ಮತ್ತೆ ನಗು ಬಂತು. ಅದು ಮೂಗಿನಲ್ಲಿ ಹೊರಹೋಯಿತು.

*

ಸಭಾಭವನದ ಮುಂದೆ ಇದ್ದವರು ಮೊದಲು ಕಂಡದ್ದು ಮೋಡವನ್ನಂತೆ. "ಮಂಜು ನಡ್ಕೊಂಡು ಬರ್ತಿದೆ!" ಎಂದು ಯಾರೋ ಕೂಗಿದರಂತೆ. ಮೋಡದೊಳಗಿಂದ ಬೂದಿ ಮೊದಲು ಗೆರೆ ದಾಟಿತು, ನಾನು ಎರಡು ಹೆಜ್ಜೆ ಹಿಂದೆ. ಸೂರ್ಯನ ಅಂಚು ಗುಡ್ಡಕ್ಕೆ ತಾಗಿತ್ತು.

"ಐದು ಗಂಟೆ ಇಪ್ಪತ್ತೇಳು ನಿಮಿಷ!" ಎಂದ ಗಡಿಯಾರ ಹಿಡಿದವನು. "ಕುದುರೆಗೆ ಇನ್ನೂ ಒಂದು ಕ್ಷಣ ಕಮ್ಮಿ. ಅದರ ಹೆಸರು ಬರ್ಕೊಳ್ಳಾ?"

"ರಸ್ತೆ ಬಿಟ್ಟು ಹೋಗಿದ್ನಂತಲ್ಲ, ಲೆಕ್ಕಕ್ಕೆ ಬರುತ್ತಾ?" ಎಂದ ಇನ್ನೊಬ್ಬ.

"ಬಿಟ್ಟಲ್ಲಿಗೇ ವಾಪಸ್ ಬಂದು ಓಡಿದಾನೆ, ನಾನೇ ಸಾಕ್ಷಿ," ಎಂದ ಪ್ರೊಕೋಪಿಯಣ್ಣ ವ್ಯಾನಿನಿಂದ ಇಳಿಯುತ್ತಾ. "ಬೇರೆಯವರು ನಲವತ್ತೆರಡು, ಇವನು ನಲವತ್ತೈದು. ಬೇಕಾದ್ರೆ ಮಿಕ್ಕಿದ್ದನ್ನ ವಾಪಸ್ ಕೊಡಿ."

ಜನ ನಕ್ಕರು. ನನಗೆ ಅದೆಲ್ಲ ಯಾವುದೋ ಕೋಣೆಯಾಚೆ ಕೇಳುತ್ತಿತ್ತು. ಮಿಚಿಯೆ ಇಳಿದು ಬಂದು ನನ್ನ ಮುಂದೆ ನಿಂತಳು. ಅವಳ ಹಿಂದೆ ವ್ಯಾನು ಗುರುಗುಟ್ಟುತ್ತಲೇ ಇತ್ತು. ಈ ಚಳಿಯಲ್ಲಿ ಎಂಜಿನ್ ಆರಿಸುವಂತಿಲ್ಲ. ಹೊರಡುವವರು ಕೂಡಲೇ ಹೊರಡಬೇಕು. ಕಿಟಕಿಯಲ್ಲಿ ಹಸಿರು ಪೆಟ್ಟಿಗೆ ಕಾಣುತ್ತಿತ್ತು.

ಈಗ. ಇದೇ ಕ್ಷಣ. "ಮ್ಮ್," ಅಂದೆ. "ಮ್ಮ್ಮ್ಮ್."

"ಏನು?" ಅಂದಳು.

ಎರಡೂ ಕೈಯಿಂದ ಗವಸು ಹಿಡಿದು ಎಳೆದೆ. ಕಣ್ಣಲ್ಲಿ ನೀರು ಬಂತು, ಬಂದ ನೀರೂ ಗಡ್ಡೆಯಾಯಿತು. "ಮ್ಮ್ಮ್!"

"ಅಯ್ಯೋ ಪಾಪಿ," ಎಂದಳು ಅಮ್ಮ, ಜನರ ನಡುವೆ ನುಗ್ಗಿ ಬಂದು. "ನಾಲಿಗೆ ಬಿಚ್ಚಿಸು ಅಂತ ಬೆಂಕಿಗೆ ದೋಸೆ ಹಾಕಿದ್ದೆ. ಇವನು ತುಟೀನೇ ಹೊಲಿಸ್ಕೊಂಡು ಬಂದಿದಾನೆ!"

"ಮಾತ್ರಿಯೋನಮ್ಮಾ, ಯೋಚನೆ ಮಾಡ್ಬೇಡಿ," ಅಮ್ಮನ ಕಡೆ ತಿರುಗಿದ ಪ್ರೊಕೋಪಿಯಣ್ಣನಿಗೆ ಇನ್ನು ತಡೆಯಲಾಗಲಿಲ್ಲ. "ಹೇಳೋದೆಲ್ಲಾ ಹೇಳಾಗಿದೆ! ಗಾಡಿ ಬಿಟ್ಟು ರಸ್ತೇಲಿ ನಿಂತು ಕೂಗ್ತಿದ್ವಿ, ಹುಲ್ಲುಗಾವಲಿಂದ ಒಂದೊಂದು ಮಾತೂ ಕಿವಿಗೇ ಬಂತು. ಗಡ್ಡೆ ಕಡಿದು ತರ್ತಾನಂತೆ, ಒಲೆ ನೋಡ್ಕೋತಾನಂತೆ, ನಲ್ಲಿ ಹಾಕಿಸ್ತಾನಂತೆ! ವ್ಯಾನಲ್ಲಿದ್ದ ವದೀಮನಿಗೂ ಕೇಳಿಸ್ತು. ನಮ್ಮ ಭಾಷೆ ಬರಲ್ಲ, ಆದ್ರೂ ಅಳ್ತಿದ್ದ ಪಾಪ."

"ಕೆನ್ನೆ ಉರೀತಾ ಇತ್ತು," ಎಂದ ವದೀಮ್ ಕಂಬಳಿಯೊಳಗಿಂದ, ಏನೋ ಹೇಳುತ್ತಿದ್ದಾರೆಂದು ಊಹಿಸಿ, ತನ್ನ ಭಾಷೆಯಲ್ಲಿ.

ಅವರ ಮಾತು ನನಗೆ ಕೇಳಿದರೆ ನನ್ನ ಮಾತು ಅವರಿಗೂ ಕೇಳುತ್ತದೆ. ಪಶುಪಾಲನೆಯ ಪದವೀಧರನಿಗೆ ಇಷ್ಟು ಹೊಳೆದಿರಲಿಲ್ಲ. ನೆಲ ಬಿರಿದು ಒಳಗೆ ಎಳೆದುಕೊಳ್ಳಲಿ ಎನಿಸಿತು. ಸದಾ ಹೆಪ್ಪುಗಟ್ಟಿರುವ ನಮ್ಮ ನೆಲ ಬೇಸಿಗೆಯಲ್ಲೂ ಬಿರಿಯುವುದಿಲ್ಲ.

ಮಿಚಿಯೆ ನಗಲಿಲ್ಲ. "ಬೂದಿ ಏನಂದ್ಲು?" ಎಂದು ಕೇಳಿದಳು.

ನಾನು ಒಂದು ಕೈ ಎತ್ತಿದೆ.

"ಹಾಗಾದ್ರೆ ಬೂದೀನೇ ಕಟ್ಕೋ. ಕುದುರೆಗೆ ಹೇಳಿದ್ದು ನಂಗೆ ಹೇಳಿದ ಹಾಗಲ್ಲ." ಅವಳು ನನ್ನ ತೋಳು ಹಿಡಿದಳು. "ಬಾ ಒಳಗೆ. ಅಣ್ಣಾ, ಎಂಜಿನ್ ಚಾಲೂ ಇರ್ಲಿ. ಇವನ ಬಾಯಿ ಬಿಡೋವರೆಗೆ ಕಾಯ್ತೀನಿ. ಬಿಟ್ಟ ಮೇಲೂ ಮಾತು ಬರ್ಲಿಲ್ಲ ಅಂದ್ರೆ ಹೊರಡೋಣ."

ಸಭಾಭವನದ ಅಡುಗೆಮನೆಯಲ್ಲಿ ಓಟಗಾರರಿಗೆಂದು ದೊಡ್ಡ ಹಂಡೆಯಲ್ಲಿ ಮಾಂಸದ ಸಾರು ಕುದಿಯುತ್ತಿತ್ತು. ಅವಳು ಎಲ್ಲರನ್ನೂ ಹೊರಗಟ್ಟಿ ಬಾಗಿಲು ಹಾಕಿದಳು. ನನ್ನನ್ನು ಮಣೆಯ ಮೇಲೆ ಕೂರಿಸಿ, ಹಬೆಯ ಮುಂದೆ ನನ್ನ ತಲೆ ಬಗ್ಗಿಸಿ ಹಿಡಿದಳು. ಮೊದಲ ಹನಿ ಬೀಳಲು ಬಹಳ ಹೊತ್ತು ಹಿಡಿಯಿತು. ಎರಡನೆಯದು ಬೇಗ ಬಿತ್ತು. ಅವಳು ಬೆರಳನ್ನು ಗವಸಿನ ಅಂಚಿನಲ್ಲಿಟ್ಟು ಒಂದೊಂದೇ ಕೂದಲನ್ನು ಬಿಡಿಸತೊಡಗಿದಳು. ನೋಯುತ್ತಿತ್ತು. ನೋಯುತ್ತಲೇ ಇರಲಿ ಎನಿಸುತ್ತಿತ್ತು. ಇಪ್ಪತ್ತು ವರ್ಷ ಹುಲ್ಲುಗಾವಲಿನಲ್ಲಿ ಒಬ್ಬನೇ ಇದ್ದು ಮೌನದ ಬಗೆಗಳೆಲ್ಲ ಗೊತ್ತು ಎಂದುಕೊಂಡಿದ್ದೆ. ಈ ಬಗೆ ಗೊತ್ತಿರಲಿಲ್ಲ; ಇದರಲ್ಲಿ ಇಬ್ಬರಿದ್ದರು.

ಬಾಗಿಲಾಚೆ ಊರೆಲ್ಲ ಕಿವಿಯಾನಿಸಿ ನಿಂತಿತ್ತು. ವ್ಯಾನಿನ ಗುರುಗುಟ್ಟು ಗೋಡೆಯ ಮೂಲಕ ಕೇಳುತ್ತಿತ್ತು.

ಗವಸು ಕಳಚಿತು, ಮೀಸೆಯ ಎಡಭಾಗದ ಅರ್ಧವನ್ನು ಜೊತೆಗೆ ತೆಗೆದುಕೊಂಡು. ಅವಳು ಅದನ್ನು ಹಂಡೆಯ ಪಕ್ಕಕ್ಕಿಟ್ಟಳು. ನನ್ನ ತುಟಿಯನ್ನು ಬಟ್ಟೆಯಿಂದ ಒರೆಸಿದಳು. ಒರೆಸಿ ಕೈ ಕೆಳಗಿಟ್ಟುಕೊಂಡು ಕಾದಳು. ಅವಳ ಕೊರಳಿನಲ್ಲಿ ನಾಡಿ ಹೊಡೆದುಕೊಳ್ಳುತ್ತಿತ್ತು. ಎಣಿಸಲು ಹೋದೆ, ನೂರಾ ಮೂವತ್ತಕ್ಕಿಂತ ಕಡಿಮೆ ಇರಲಿಲ್ಲ. ಓಡಿದವನು ನಾನು!

ನನ್ನ ಹೆದರಿಕೆಗೆ ಎಚ್ಚರವಾಗಿತ್ತು, ಎದುರಿಗೇ ಕೂತಿತ್ತು. ಕೂತಿರಲಿ ಎಂದು ಬಿಟ್ಟು, ಹೇಳಿದೆ.

ಬೂದಿಗೆ ಹೇಳಿದ್ದರಲ್ಲಿ ಅರ್ಧವೂ ಇರಲಿಲ್ಲ. ನಲ್ಲಿಯ ಮಾತು ಬರಲಿಲ್ಲ. ಸಾರು ಕುದಿಯುವ ಸದ್ದಿನಲ್ಲಿ ಅದು ಹಂಡೆಯಾಚೆಗೂ ಹೋಗಿರಲಾರದು. ಅವಳಿದ್ದದ್ದು ಹಂಡೆಯ ಈಚೆಗೆ.

"ಏನಂದ? ಏನಂದ?" ಬಾಗಿಲಾಚೆ ಅಮ್ಮನ ದನಿ.

"ಏನೂ ಕೇಳ್ಸಲ್ಲ ಮಾತ್ರಿಯೋನಮ್ಮಾ! ಒಂದೂವರೆ ಕಿಲೋಮೀಟರ್ ದೂರದಿಂದ ಕೇಳ್ತಿತ್ತು, ಈಗ ಒಂದು ಹಲಗೆ ಆಚೆ ಕೇಳ್ತಿಲ್ಲ!" ಪ್ರೊಕೋಪಿಯಣ್ಣ ಬಾಗಿಲು ಬಡಿದ. "ಮಿಚಿಯೆ! ಡೀಸೆಲ್ ಸುಡ್ತಾ ಇದೆ ಕಣೇ. ಏನು ಮಾಡ್ಲಿ?"

ಮಿಚಿಯೆ ನನ್ನನ್ನೇ ನೋಡುತ್ತಾ ಒಂದು ಕೈ ಎತ್ತಿದಳು. ಆಮೇಲೆ ಬಾಗಿಲ ಕಡೆಗೆ ತಿರುಗಿ, ನದಿಯಾಚೆಗೂ ಕೇಳುವ ಹಾಗೆ ಕೂಗಿದಳು.

"ಪೆಟ್ಟಿಗೆ ಇಳಿಸು ಅಣ್ಣಾ! ಮೆಲ್ಲಗೆ, ಅದ್ರಲ್ಲಿ ಗಾಜಿನ ಲೋಟ ಇದೆ!"